ಎಡಗಾಲಿನ ಸರದಿ

ಹೊಳೆಯ ದಂಡೆಯಲ್ಲಿ ಒಂದು ಆಸ್ಪತ್ರೆ ಇತ್ತು. ಹಿಂದೆ ಅದು ಯಾತ್ರಿಕರು ತಂಗುವ ಛತ್ರ. ಬೆನ್ನುಮೂಳೆಯ ಡಾಕ್ಟರು ಬಳಿಗಾರರು ಅದನ್ನು ಮಠದವರಿಂದ ಕೇಳಿ ಪಡೆದು, ಮೂವತ್ತು ಮಂಚ ಹಾಕಿಸಿ, ಮೂಲೆಯ ಕೋಣೆಯಲ್ಲಿ ತಾವೂ ಉಳಿದುಬಿಟ್ಟಿದ್ದರು. ಸುತ್ತಲಿನ ಹಳ್ಳಿಯವರು ಅದನ್ನು ದವಾಖಾನೆ ಎನ್ನುತ್ತಿರಲಿಲ್ಲ. ಆಶ್ರಮ ಎನ್ನುತ್ತಿದ್ದರು.

ಯಶೋಧರ ದೊಡ್ಡ ಊರಿನಲ್ಲಿ ಶಸ್ತ್ರಚಿಕಿತ್ಸೆ ಕಲಿತು, ಚಿನ್ನದ ಪದಕ ಗೆದ್ದು, ಅಲ್ಲಿಗೆ ಕಲಿಯಲು ಬಂದ.

"ಸರ್, ನನ್ನ ಕೈಗೆ ಚಾಕು ಯಾವಾಗ ಕೊಡುತ್ತೀರಿ?" ಎಂದು ಮೊದಲ ದಿನವೇ ಕೇಳಿದ.

"ಮೊದಲು ಪಾದ ಹಿಡಿ" ಎಂದರು ಬಳಿಗಾರರು.

ಯಶೋಧರ ಬಗ್ಗಿ ಅವರ ಪಾದ ಮುಟ್ಟಿದ.

"ನನ್ನವಲ್ಲೋ ಹುಚ್ಚಪ್ಪ. ರೋಗಿಯವು."

ಒಂದು ವರ್ಷ ಅವನು ರೋಗಿಗಳ ಪಾದ ಹಿಡಿದ.

ಕಾರಣ ಇಷ್ಟು. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ, ಬೆನ್ನುಮೂಳೆಗೂ ಬರುತ್ತದೆ. ಮೂಳೆಯ ಮುಂಭಾಗ ಕೊಳೆತು, ಕೀವು ತುಂಬಿ, ಹಿಂದಿರುವ ಬೆನ್ನುಹುರಿಯನ್ನು ಒತ್ತುತ್ತದೆ. ಕಾಲು ಸೋಲುತ್ತವೆ. ಔಷಧಿಗೆ ಬಗ್ಗದಿದ್ದರೆ ಕೊಳೆತದ್ದನ್ನು ತೆಗೆಯಬೇಕು. ಬೆನ್ನಿನಿಂದ ಹೋದರೆ ಹುರಿಯೇ ಅಡ್ಡ ಬರುತ್ತದೆ. ಹಾಗಾಗಿ ಎದೆಯೊಳಗಿಂದ ಹೋಗುತ್ತಾರೆ. ಒಂದು ಪಕ್ಕೆಲುಬು ತೆಗೆದು, ಒಂದು ಶ್ವಾಸಕೋಶದ ಗಾಳಿ ಇಳಿಸಿ, ಮಹಾಧಮನಿಯನ್ನು ಮೆಲ್ಲಗೆ ಸರಿಸಿ, ಮೂಳೆಯನ್ನು ತಲುಪುತ್ತಾರೆ.

ಆ ಮೂಳೆಯ ಮೈಮೇಲೆ ಅಡ್ಡಲಾಗಿ ಸಣ್ಣ ರಕ್ತನಾಳಗಳು ಹಾದುಹೋಗಿರುತ್ತವೆ. ಅವನ್ನು ಕಟ್ಟಿ ಕತ್ತರಿಸದೆ ಕೆಲಸ ಸಾಗದು. ಆದರೆ ಅವುಗಳಲ್ಲಿ ಒಂದು ಬೆನ್ನುಹುರಿಗೆ ರಕ್ತ ಉಣಿಸುವ ನಾಳವಾಗಿರಬಹುದು. ಯಾವುದೆಂದು ನೋಡಿದರೆ ತಿಳಿಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತದೆ.

ದೊಡ್ಡ ಆಸ್ಪತ್ರೆಗಳಲ್ಲಿ ಹುರಿಯ ಸ್ಥಿತಿ ತೋರಿಸುವ ಯಂತ್ರವಿರುತ್ತದೆ. ಆಶ್ರಮದಲ್ಲಿ ಹಳೆಯ ಪದ್ಧತಿ. ನಾಳಗಳಿಗೆ ಕ್ಲಿಪ್ ಹಾಕಿ ಕಾಲು ಗಂಟೆ ಕಾಯುವುದು. ಆಮೇಲೆ ಅರಿವಳಿಕೆ ಇಳಿಸಿ, ರೋಗಿಯನ್ನು ಅರೆ ಎಚ್ಚರಕ್ಕೆ ತಂದು, ಹೆಸರು ಹಿಡಿದು ಕರೆದು, ಕಾಲು ಅಲ್ಲಾಡಿಸಲು ಹೇಳುವುದು. ಹಸಿರು ಬಟ್ಟೆಯ ಕೆಳಗೆ ಒಬ್ಬರು ಕುಳಿತು ರೋಗಿಯ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದಿರುತ್ತಾರೆ. ಎರಡೂ ಅಲ್ಲಾಡಿದರೆ ನಾಳ ಕತ್ತರಿಸಬಹುದು. ಇಲ್ಲದಿದ್ದರೆ ಕ್ಲಿಪ್ ಬಿಚ್ಚಬೇಕು.

"ಪದಕ ಗೆದ್ದವನಿಗೆ ಪಾದ ಹಿಡಿಯುವ ಕೆಲಸವೇ ಸರ್?" ಎಂದು ಯಶೋಧರ ಒಮ್ಮೆ ಗೊಣಗಿದ.

"ಮೇಲೆ ನಿಂತವನಿಗೆ ಮೂಳೆ ಕಾಣುತ್ತದೆ. ಕೆಳಗೆ ಕುಳಿತವನಿಗೆ ಮನುಷ್ಯ ಸಿಗುತ್ತಾನೆ" ಎಂದರು ಗುರುಗಳು.

ಎರಡನೆಯ ವರ್ಷ ಅವನು ಶಸ್ತ್ರಚಿಕಿತ್ಸೆಯ ಮೇಜಿನ ಆಚೆ ಬದಿ ನಿಂತು ಗುರುಗಳ ಕೆಲಸಕ್ಕೆ ಕೈಜೋಡಿಸಿದ. ಮೂರನೆಯ ವರ್ಷ ಚಾಕು ಹಿಡಿದ. ನಾಲ್ಕನೆಯ ವರ್ಷ ಗುರುಗಳ ಬಲಗೈ ನಡುಗಲು ಶುರುವಾಯಿತು. ಅವತ್ತೇ ಅವರು ಕೈಗವಸು ಕಳಚಿ, ಒಂದು ಸ್ಟೂಲು ಎಳೆದುಕೊಂಡು, ರೋಗಿಯ ಕಾಲ ಬಳಿ ಹೋಗಿ ಕುಳಿತರು.

"ಇನ್ನು ಇದು ನನ್ನ ಜಾಗ" ಎಂದರು.

ಯಶೋಧರ ತನ್ನದೊಂದು ಪದ್ಧತಿ ಸೇರಿಸಿದ. ಅರೆ ಎಚ್ಚರದ ರೋಗಿಗೆ "ಪಾದ ಅಲ್ಲಾಡಿಸಿ" ಎಂದರೆ ಎಷ್ಟೋ ಸಲ ಅರ್ಥವೇ ಆಗುತ್ತಿರಲಿಲ್ಲ. ಅವನು ಹಿಂದಿನ ದಿನವೇ ಅವರವರ ಕೆಲಸದ ಮಾತು ಕೇಳಿಟ್ಟುಕೊಳ್ಳುತ್ತಿದ್ದ. ಬಸ್ ಡ್ರೈವರನಿಗೆ "ಕ್ಲಚ್ ಒತ್ತು, ಬ್ರೇಕ್ ಒತ್ತು" ಎಂದ. ಎರಡೂ ಪಾದ ತಟ್ಟನೆ ಒತ್ತಿದವು. ದರ್ಜಿಗೆ "ಮಿಷನ್ ತುಳಿ" ಎಂದ. ದರ್ಜಿ ನಿಲ್ಲಿಸಲೇ ಇಲ್ಲ.

"ಚೆನ್ನಾಗಿದೆ" ಎಂದರು ಗುರುಗಳು.

ನಾಲ್ಕು ವರ್ಷದಲ್ಲಿ ಅವನು ಅವರ ಬಾಯಿಂದ ಕೇಳಿದ ಹೊಗಳಿಕೆ ಅದೊಂದೇ.

ಎದೆಯ ದಾರಿಯಲ್ಲಿ ಅವನೇ ಮುಂದೆ ನಿಂತು ಮಾಡಿದ ಚಿಕಿತ್ಸೆಗಳು ಹತ್ತು. ಹತ್ತೂ ಮಂದಿ ನಡೆದು ಮನೆಗೆ ಹೋದರು.

ಹನ್ನೊಂದನೆಯವಳು ಬನಶಂಕರೆವ್ವ.

ಅವಳು ನೇಕಾರಳು. ವಯಸ್ಸು ಮೂವತ್ತನಾಲ್ಕು. ಕುಣಿಮಗ್ಗದ ಅಂಚಿಗೆ ಕುಳಿತು, ಕುಣಿಯೊಳಗೆ ಕಾಲು ಇಳಿಬಿಟ್ಟು, ದಿನವಿಡೀ ಹಲಗೆ ತುಳಿದು, ಎಳೆಗಳ ನಡುವೆ ನೂಲಿನ ಲಾಳಿ ಎಸೆದು ಸೀರೆ ನೇಯುತ್ತಿದ್ದಳು. ಗಂಡ ತೀರಿಕೊಂಡು ಆರು ವರ್ಷ. ಮನೆ ನಡೆಯುತ್ತಿದ್ದದ್ದು ಆ ಎರಡು ಕಾಲುಗಳ ಮೇಲೆ. ಐದು ತಿಂಗಳು ಕ್ಷಯದ ಔಷಧಿ ತೆಗೆದುಕೊಂಡರೂ ಕಾಲು ದಿನೇ ದಿನೇ ಸೋಲುತ್ತಿದ್ದವು. ಅತ್ತೆ ಗೌರವ್ವ ಅವಳ ರಟ್ಟೆ ಹಿಡಿದು ನಡೆಸಿಕೊಂಡು ಬಂದಳು.

ಆಶ್ರಮದಲ್ಲಿ ಇನ್ನೊಂದು ಕಟ್ಟುನಿಟ್ಟು ಇತ್ತು. ಚಾಕು ಹಿಡಿಯುವವನೇ ಹಿಂದಿನ ದಿನ ರೋಗಿಯ ಮಂಚದ ಕೆಳಗೆ ನೆಲದ ಮೇಲೆ ಕುಳಿತು, ಆಗಬಹುದಾದ ಕೆಡುಕನ್ನೆಲ್ಲ ತನ್ನ ಬಾಯಿಂದಲೇ ಹೇಳಬೇಕು. ಬರೀ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಗುರುಗಳು ಒಪ್ಪುತ್ತಿರಲಿಲ್ಲ.

ಯಶೋಧರ ನೆಲದ ಮೇಲೆ ಕುಳಿತ.

ಗೌರವ್ವ ಶುರು ಮಾಡಿದಳು. "ಏನ ಡಾಕ್ಟರಪ್ಪ, ನೋವು ಬೆನ್ನಾಗ. ಕೊಯ್ಯೂದು ಎದಿ. ಹಿತ್ತಲ ಬಾಗಲಾ ಇರೂಮುಂದ ಪಡಸಾಲ್ಯಾಗ ಹಾಯ್ದು ಯಾಕ ಹೊಕ್ಕೀರಿ?"

"ಹಿತ್ತಲ ಬಾಗಲದಾಗ ಕೂಸು ಮಲಗೈತಿ ಆಯೀ. ಆ ಕಡೆಯಿಂದ ಹೋದ್ರ ಅದನ್ನ ತುಳದ ಹೋಗಬೇಕು."

"ಯಾವ ಕೂಸು?"

"ಬೆನ್ನುಹುರಿ. ಕಾಲ ನಡಸೂದು ಅದ."

ಗೌರವ್ವ ಸೊಸೆಯ ಮುಖ ನೋಡಿದಳು. "ಹಂಗಾರ ಪಡಸಾಲ್ಯಾಗ ಏನೇನೈತಿ, ಅದನ್ನರ ಹೇಳು."

ಯಶೋಧರ ಒಂದೊಂದಾಗಿ ಹೇಳಿದ. ಶ್ವಾಸಕೋಶವನ್ನು ಮಲಗಿಸಬೇಕು. ಎಬ್ಬಿಸಿದಾಗ ಅದು ಪೂರ್ತಿ ಏಳದೆ ಇರಬಹುದು, ಗಾಳಿ ಸೋರಬಹುದು. ಅದಕ್ಕೆ ಎದೆಯಲ್ಲಿ ಒಂದು ಕೊಳವೆ ಇಟ್ಟು ನೀರಿನ ಬಾಟಲಿಗೆ ಜೋಡಿಸುತ್ತಾರೆ. ಮಹಾಧಮನಿ ಹರಿದರೆ ಮೇಜಿನ ಮೇಲೆಯೇ ಜೀವ ಹೋಗಬಹುದು. ಪಕ್ಕೆಲುಬು ತೆಗೆದ ಜಾಗ ತಿಂಗಳುಗಟ್ಟಲೆ ಉರಿಯಬಹುದು. ಸಣ್ಣ ನಾಳ ಕತ್ತರಿಸಿದಾಗ ಹುರಿಗೆ ರಕ್ತ ಕಡಿಮೆಯಾದರೆ ಕಾಲು ಪೂರ್ತಿ ಹೋಗಬಹುದು.

"ಮಾಡಿಸದಿದ್ರ?" ಎಂದಳು ಬನಶಂಕರೆವ್ವ.

"ಮಾಡಿಸದಿದ್ರೂ ಕಾಲು ಹೋಗತಾವ ಅಕ್ಕಾರ. ನಿಧಾನಕ್ಕ."

"ಮಾಡಿಸಿ ಕಾಲು ಕಳಕೊಳ್ಳಾವ್ರು ಎಷ್ಟ ಮಂದಿ?"

"ನೂರರಾಗ ಒಬ್ಬರು, ಇಬ್ಬರು."

ಅವಳು ತನ್ನ ಎರಡೂ ಕಾಲು ನೋಡಿಕೊಂಡಳು.

"ಆ ಒಬ್ಬಾಕಿ ಹೆಸರೇನ್ರಿ?"

ಯಶೋಧರ ಬಾಗಿಲ ಕಡೆ ತಿರುಗಿದ. ಅಲ್ಲಿ ನಿಂತಿದ್ದ ಗುರುಗಳು ನೆಲ ನೋಡಿದರು.

"ಇರ್ಲಿ ಬಿಡ್ರಿ. ಮಾಡ್ರಿ" ಎಂದಳು ಅವಳು.

"ನಡಕ ಒಮ್ಮೆ ನಿಮ್ಮನ್ನ ಎಬ್ಬಸತೀನಿ" ಎಂದ ಯಶೋಧರ. "ನೋವು ಗೊತ್ತಾಗೂದಿಲ್ಲ. ನಾ ಕರದಾಗ ಕಾಲು ಆಡಸಬೇಕು. ನಿಮಗ ಏನಂತ ಹೇಳಲಿ?"

"ತುಳಿ ಅನ್ರಿ. ಮಗ್ಗ ತುಳಿ ಅಂದ್ರ ನನ್ನ ಕಾಲು ಸತ್ತರೂ ತುಳೀತಾವ."

"ಸಾಯೂ ಮಾತು ಯಾಕ ಆಡತೀಯ ಬಾಯಿಗೆ ಬಂದಂಗ" ಎಂದು ಗೌರವ್ವ ಗದರಿದಳು.

ಮರುದಿನ ಬೆಳಿಗ್ಗೆ ಬನಶಂಕರೆವ್ವಳನ್ನು ಬಲ ಮಗ್ಗುಲಿಗೆ ಮಲಗಿಸಿದರು. ಯಶೋಧರ ಎಡಗಡೆಯಿಂದ ಎದೆ ತೆರೆದ. ಪಕ್ಕೆಲುಬು ತೆಗೆದ. ಶ್ವಾಸಕೋಶ ಇಳಿಯಿತು. ಮಹಾಧಮನಿ ಮಿಡಿಯುತ್ತಿತ್ತು. ಕೊಳೆತ ಮೂಳೆಯ ಮೇಲೆ ಮೂರು ಸಣ್ಣ ನಾಳಗಳು ಕಂಡವು. ಮೂರಕ್ಕೂ ಕ್ಲಿಪ್ ಹಾಕಿದ.

ಕಾಲು ಗಂಟೆ ಕಾದರು.

ಅರಿವಳಿಕೆ ಕೊಡುತ್ತಿದ್ದ ಡಾಕ್ಟರ್ ಜುಬೇದಾ ಮಾನಿಟರ್ ಪರದೆಯ ಅಂಕಿ ನೋಡುತ್ತ ಹೇಳಿದರು. "ಒಂದೇ ಶ್ವಾಸಕೋಶದ ಮೇಲೆ ಇದ್ದಾಳೆ. ಆಮ್ಲಜನಕ ಇಳಿಯುತ್ತಿದೆ. ಎಬ್ಬಿಸುತ್ತೇನೆ, ಆದರೆ ಬೇಗ ಮುಗಿಸು."

ಗುರುಗಳು ಹಸಿರು ಬಟ್ಟೆಯ ಕೆಳಗೆ ಕುಳಿತಿದ್ದರು. ಬಲ ಅಂಗೈಯಲ್ಲಿ ಒಂದು ಪಾದ, ಎಡ ಅಂಗೈಯಲ್ಲಿ ಇನ್ನೊಂದು.

"ಬನಶಂಕರೆವ್ವಾ" ಎಂದು ಯಶೋಧರ ಕರೆದ. "ಬನಶಂಕರೆವ್ವಾ, ಮಗ್ಗ ತುಳಿ."

ಏನೂ ಆಗಲಿಲ್ಲ.

"ಮಗ್ಗ ತುಳಿ ಅಕ್ಕಾ."

"ಬಲ ಬಂತು" ಎಂದರು ಗುರುಗಳು.

ಯಶೋಧರ ಕಾದ. ಮಾನಿಟರ್ ಕುಂಯ್‌ಗುಟ್ಟಿತು.

"ಬೇಗ" ಎಂದರು ಜುಬೇದಾ.

"ಎಡ?" ಎಂದರು ಗುರುಗಳು. ಅದು ಪ್ರಶ್ನೆಯಂತಿತ್ತು.

"ನೇಕಾರಳು ಸರ್" ಎಂದ ಯಶೋಧರ. "ಮಗ್ಗದಲ್ಲಿ ಎರಡೂ ಕಾಲು ಒಟ್ಟಿಗೆ ತುಳಿಯುವುದಿಲ್ಲ. ಒಂದಾದ ಮೇಲೆ ಒಂದು. ಬಲಗಾಲು ತುಳಿದು, ಈಗ ಲಾಳಿ ಹಾಯಲಿ ಎಂದು ಕಾಯುತ್ತಿದ್ದಾಳೆ. ಎಡಗಾಲಿನ ಸರದಿ ಇನ್ನೂ ಬಂದಿಲ್ಲ, ಅಷ್ಟೇ."

ಬಟ್ಟೆಯ ಕೆಳಗಿನಿಂದ ಉತ್ತರ ಬರಲಿಲ್ಲ.

"ಮಲಗಿಸಿ ಮೇಡಂ" ಎಂದ ಯಶೋಧರ.

ಮೂರೂ ನಾಳ ಕಟ್ಟಿದ. ಕತ್ತರಿಸಿದ.

ಉಳಿದದ್ದೆಲ್ಲ ಚೊಕ್ಕವಾಗಿ ನಡೆಯಿತು. ಕೀವು ಹೊರಬಂತು. ಪಕ್ಕೆಲುಬಿನ ತುಂಡನ್ನೇ ಮೂಳೆಯ ಜಾಗಕ್ಕೆ ಕೂರಿಸಿದ. ಮಡಚಿಕೊಂಡಿದ್ದ ಶ್ವಾಸಕೋಶ ಗುಲಾಬಿ ಬಣ್ಣಕ್ಕೆ ತಿರುಗಿ ಪೂರ್ತಿ ಎದ್ದಿತು. ರಕ್ತ ಹೋದದ್ದೂ ಕಡಿಮೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ಹಿಂದೆ ಮಾಡಿರಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಬನಶಂಕರೆವ್ವ ಕಣ್ಣು ಬಿಟ್ಟಳು. ಬಲಗಾಲಿನ ಬೆರಳು ಮಾತ್ರ ಅಲ್ಲಾಡಿದವು. ಎಡಗಾಲು ಅಲ್ಲಾಡಲಿಲ್ಲ.

ರಕ್ತದೊತ್ತಡ ಏರಿಸಿದರು. ರಕ್ತ ಕೊಟ್ಟರು. ಒಳಗೆ ರಕ್ತ ಹೆಪ್ಪುಗಟ್ಟಿ ಹುರಿಯನ್ನು ಒತ್ತಿರಬಹುದೇ ಎಂದು ಸ್ಕ್ಯಾನ್ ಮಾಡಿಸಿದರು. ಒತ್ತಿರಲಿಲ್ಲ. ತೆಗೆಯುವಂಥದ್ದು, ಸರಿಪಡಿಸುವಂಥದ್ದು ಏನೂ ಸಿಗಲಿಲ್ಲ.

ಮೂರನೆಯ ದಿನ ಯಶೋಧರ ರೋಗಿಯ ಕಡತ ಹಿಡಿದುಕೊಂಡು ಗುರುಗಳನ್ನು ಹುಡುಕಿದ. ಅವರು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು.

"ಸರ್, ಇಪ್ಪತ್ತೆರಡು ಹಂತ ಬರೆದಿದ್ದೇನೆ. ಒಂದೊಂದನ್ನೂ ಪುಸ್ತಕದ ಜೊತೆ ಹೋಲಿಸಿ ನೋಡಿದೆ. ನಾಳ ಕಟ್ಟಿದ್ದು ಒಂದೇ ಮಗ್ಗುಲಲ್ಲಿ. ಕಟ್ಟಿದ್ದು ಮೂಳೆಯ ನಡುವೆ, ಹುರಿಗೆ ರಕ್ತ ಹೋಗುವ ಕಿಂಡಿಯಿಂದ ದೂರ. ರಕ್ತದೊತ್ತಡ ಎಲ್ಲೂ ಬಿದ್ದಿಲ್ಲ. ನನ್ನ ಕೈ ಎಲ್ಲಿ ತಪ್ಪಿತು, ನೀವು ಹೇಳಿ."

ಗುರುಗಳು ಕಡತ ಓದಿದರು. ಕೊನೆಯವರೆಗೂ ಓದಿದರು.

"ಕೈ ಎಲ್ಲೂ ತಪ್ಪಿಲ್ಲ" ಎಂದರು.

ಯಶೋಧರ ಉಸಿರು ಬಿಟ್ಟ.

"ಹನ್ನೊಂದನೆಯ ಹಂತ ಓದು."

ಯಶೋಧರ ಓದಿದ. "ಕರೆದಾಗ ಎರಡೂ ಪಾದ ಅಲ್ಲಾಡಿದವು."

ಓದಿದ ಮೇಲೆ ಅವನು ಅದೇ ಸಾಲನ್ನು ಮತ್ತೆ ನೋಡಿದ. ಅಕ್ಷರ ಅವನದೇ. ಹತ್ತು ರೋಗಿಗಳ ಕಡತದಲ್ಲಿ ಬರೆದ ಸಾಲು ಅದು. ಹನ್ನೊಂದನೆಯದರಲ್ಲೂ ಕೈ ತಾನಾಗಿ ಬರೆದಿತ್ತು. ಮೂರು ದಿನ ಅದನ್ನು ನೂರು ಸಲ ಓದಿದ್ದ. ಒಮ್ಮೆಯೂ ಅದು ಸುಳ್ಳು ಎಂದು ಅನಿಸಿರಲಿಲ್ಲ.

ಗುರುಗಳು ಜೇಬಿನಿಂದ ಪೆನ್ನು ತೆಗೆದು ಕೊಟ್ಟರು.

ಯಶೋಧರ ಆ ಸಾಲಿನ ಮೇಲೆ ಗೆರೆ ಎಳೆದ. ಪಕ್ಕದಲ್ಲಿ ಬರೆದ. "ಬಲಪಾದ ಅಲ್ಲಾಡಿತು. ಎಡಪಾದಕ್ಕೆ ಕಾಯಲಿಲ್ಲ." ಕೆಳಗೆ ಸಹಿ ಮಾಡಿ ತಾರೀಖು ಹಾಕಿದ.

"ಸರ್, ಕಾದಿದ್ದರೆ ಎಡಗಾಲು ಬರುತ್ತಿತ್ತೇ?"

"ಗೊತ್ತಿಲ್ಲ."

"ಬರದಿದ್ದರೆ, ಕ್ಲಿಪ್ ಬಿಚ್ಚಿದ್ದರೆ, ಕಾಲು ಉಳಿಯುತ್ತಿತ್ತೇ?"

"ಉಳಿಯಬಹುದಿತ್ತು. ಉಳಿಯದೆಯೂ ಇರಬಹುದಿತ್ತು."

"ಹಾಗಾದರೆ ಇದು ನನ್ನ ತಪ್ಪೋ, ಅವಳ ದೇಹ ಇದ್ದ ರೀತಿಯೋ?"

"ಅದೂ ಗೊತ್ತಿಲ್ಲ."

"ಮತ್ತೆ ಗೊತ್ತಿರುವುದು ಏನು ಸರ್?"

"ನೀನು ಈಗ ಬರೆದೆಯಲ್ಲ, ಅಷ್ಟು."

ಹೊಳೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಗುರುಗಳು ಅದನ್ನೇ ನೋಡುತ್ತ ಕುಳಿತರು.

"ಇನ್ನೊಂದು ಸಾಲು ಬರೆಯುವುದಿದೆ. ಅದು ನನ್ನದು" ಎಂದರು. "ಆ ಎಡಪಾದ ನನ್ನ ಅಂಗೈಯಲ್ಲಿ ಕಲ್ಲಿನ ಹಾಗೆ ಬಿದ್ದಿತ್ತು. ನೀನು ಮಗ್ಗದ ಮಾತು ಹೇಳಿದೆ. ಚೆಂದದ ಮಾತು. ನನ್ನ ಶಿಷ್ಯ ಎಷ್ಟು ಚುರುಕು ಅನಿಸಿತು. ಅಂಗೈಯಲ್ಲಿದ್ದ ಪಾದವನ್ನು ಬಿಟ್ಟು ನಿನ್ನ ಮಾತನ್ನು ನಂಬಿದೆ. ಎರಡು ಶಬ್ದ ನಾಲಿಗೆಯ ತುದಿಗೆ ಬಂದಿದ್ದವು. ನುಂಗಿದೆ."

"ಯಾವ ಶಬ್ದ ಸರ್?"

ಗುರುಗಳು ಪೆನ್ನು ಇಸಿದುಕೊಂಡು, ನಡುಗುವ ಅಕ್ಷರದಲ್ಲಿ ಶಿಷ್ಯನ ಸಾಲಿನ ಕೆಳಗೆ ಬರೆದರು. "ಪಾದ ಹಿಡಿದವನು ನಾನು. ನಾನೂ ತಡೆಯಲಿಲ್ಲ."

ಕಡತ ಮುಚ್ಚಿ ಅವನ ಕೈಗಿಟ್ಟರು.

"ಹೋಗಿ ಅವಳಿಗೆ ಓದಿ ಹೇಳು. ಎರಡೂ ಸಾಲು."

"ಸರ್, ನೀವೂ ಬನ್ನಿ."

"ನಿನ್ನ ಹಿಂದೆಯೇ ಬರುತ್ತೇನೆ. ಮುಂದೆ ನೀನು ನಡೆ."

ಬನಶಂಕರೆವ್ವಳ ಎದೆಯ ಪಕ್ಕದಿಂದ ಕೊಳವೆ ಇಳಿದಿತ್ತು. ಅವಳು ಉಸಿರಾಡಿದಂತೆಲ್ಲ ಬಾಟಲಿಯ ನೀರು ಏರಿ ಇಳಿಯುತ್ತಿತ್ತು. ಗೌರವ್ವ ಸೊಸೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

ಯಶೋಧರ ನೆಲದ ಮೇಲೆ ಕುಳಿತ. ಗುರುಗಳು ಬಾಗಿಲಲ್ಲಿ ನಿಂತರು.

ಅವನು ಎರಡೂ ಸಾಲು ಓದಿದ. ನಡೆದದ್ದನ್ನು ನಡೆದ ಹಾಗೆಯೇ ಹೇಳಿದ. ನೇಕಾರರು ಒಂದಾದ ಮೇಲೆ ಒಂದು ಕಾಲು ತುಳಿಯುತ್ತಾರೆ ಎಂದು ತಾನು ಅಂದುಕೊಂಡದ್ದನ್ನೂ ಹೇಳಿದ.

ಗೌರವ್ವಳ ಕೈ ನಿಂತಿತು.

"ಇನ್ನ ಆ ಮಗ್ಗಕ್ಕ ಯಾರು ಕುಂದರತಾರ? ನೀ ಬಂದು ಕುಂದರತೀಯೇನು?" ಎಂದಳು. ಈ ಸಲ ಅವಳು ಡಾಕ್ಟರಪ್ಪ ಎನ್ನಲಿಲ್ಲ.

ಯಶೋಧರ ಕಡತ ಮುಚ್ಚಿದ.

"ಕೇಳಾಕತ್ತೀನಿ. ಹೇಳು."

"ಅತ್ತೀ, ಸುಮ್ಮನಿರು" ಎಂದಳು ಬನಶಂಕರೆವ್ವ. ಮಾತಾಡಿದರೆ ಅವಳಿಗೆ ಪಕ್ಕೆ ನೋಯುತ್ತಿತ್ತು. ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಡಾಕ್ಟರ್ರ, ಒಂದಾದ ಮ್ಯಾಲ ಒಂದು ತುಳಿಯೂದು ಖರೇನ. ಬಲಗಾಲ ತುಳದು ಲಾಳಿ ಒಗೀತೀವಿ. ಆದ್ರ ಎಡಗಾಲು ತುಳಿಯೂ ತನಕ ಲಾಳಿ ಕೈಯಾಗ ಹಿಡಕೊಂಡ ಕುಂದರತೀವ್ರಿ. ಮತ್ತ ಒಗಿಯಂಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಗುರುಗಳು ಗೋಡೆಗೆ ಕೈ ಊರಿದರು.

"ಆವತ್ತ ಆ ಒಬ್ಬಾಕಿ ಹೆಸರು ಕೇಳಿದ್ನಿ" ಎಂದಳು ಅವಳು. "ನೀವು ಹೇಳಲಿಲ್ಲ."

"ನನಗೂ ಗೊತ್ತಿರಲಿಲ್ಲ ಅಕ್ಕಾರ."

"ಈಗ ಗೊತ್ತಾತಲ್ಲ."

ಅವಳು ಅಳಲಿಲ್ಲ. ಸೂರು ನೋಡುತ್ತ ಮಲಗಿದಳು. ಅವನು ಏಳಲೋ ಬೇಡವೋ ಎಂದು ತಿಳಿಯದೆ ಕುಳಿತ. ಕೊನೆಗೆ ಅವಳೇ ಹೇಳಿದಳು.

"ನನ್ನ ಕಾಲು ನನಗ ತಿಳಿವಲ್ಲವು. ಅತ್ತಿ ಎಣ್ಣಿ ಹಚ್ಚಿದ್ದೂ ಗೊತ್ತಾಗೂದಿಲ್ಲ. ಅದಾವೋ ಇಲ್ಲೋ, ಸ್ವಲ್ಪ ಹಿಡದ ನೋಡ್ರಿ."

ಯಶೋಧರ ಕಾಲ ಬಳಿ ಸರಿದು ಎರಡೂ ಪಾದ ಹಿಡಿದ. ಬಲಪಾದ ಬೆಚ್ಚಗಿತ್ತು. ಎಡಪಾದವೂ ಬೆಚ್ಚಗಿತ್ತು.

"ಅದಾವ ಅಕ್ಕಾರ" ಎಂದ.

ಅವತ್ತು ಸಂಜೆ ಅವನು ಗುರುಗಳ ಕೋಣೆಗೆ ಹೋದ.

"ಸರ್, ನಾನು ಇನ್ನು ಚಾಕು ಹಿಡಿಯುವುದಿಲ್ಲ."

ಗುರುಗಳು ಬೇಡ ಎನ್ನಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ.

"ಹಾಗಾದರೆ ಪಾದ ಹಿಡಿ" ಎಂದರು.

ಎದೆಯ ದಾರಿಯ ಚಿಕಿತ್ಸೆ ಬೇಕಾದವರನ್ನು ಅವರು ಬೇರೆ ಊರಿಗೆ ಕಳಿಸಿದರು. ಯಶೋಧರ ದಿನಕ್ಕೆ ಎರಡು ಸಲ ಬನಶಂಕರೆವ್ವಳ ಕಾಲ ಬಳಿ ನಿಂತ. ಮಡಚಿ ಬಿಡಿಸಿದ. ಹಿಮ್ಮಡಿಗೆ ಹುಣ್ಣಾಗದಂತೆ ದಿಂಬು ಇಟ್ಟ. ಪ್ರತಿ ಸಲವೂ ಪಾದಗಳನ್ನು ಅಂಗೈಯಲ್ಲಿ ಹಿಡಿದು "ಮಗ್ಗ ತುಳಿ" ಎಂದ.

ಮೊದಲ ವಾರ ಗೌರವ್ವ ಅವನು ಬಂದಾಗ ಎದ್ದು ಹೊರಗೆ ಹೋಗುತ್ತಿದ್ದಳು. ಮೂರನೆಯ ವಾರ ಹೋಗಲಿಲ್ಲ. ಐದನೆಯ ವಾರ, "ನಿಂತು ನಿಂತು ಕಾಲು ನೋಯಂಗಿಲ್ಲೇನು? ಕುಂದ್ರು" ಎಂದು ಸ್ಟೂಲು ತಳ್ಳಿದಳು. ಅದಕ್ಕಿಂತ ಹೆಚ್ಚು ಮಾತು ಆಡಲಿಲ್ಲ.

ಎದೆಯ ಕೊಳವೆ ತೆಗೆದರು. ಗಾಯ ಮಾಯಿತು. ಬಲಗಾಲಿಗೆ ನಿಧಾನವಾಗಿ ಬಲ ಬಂತು. ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ. ಎಡಗಾಲು ಹಾಗೇ ಇತ್ತು.

"ಬರತೈತೇನ್ರಿ?" ಎಂದು ಅವಳು ಒಮ್ಮೆ ಕೇಳಿದಳು.

ಹಿಂದಿನ ಯಶೋಧರನಾಗಿದ್ದರೆ ಏನಾದರೂ ಹೇಳುತ್ತಿದ್ದ.

"ಗೊತ್ತಿಲ್ಲ ಅಕ್ಕಾರ" ಎಂದ. "ಇಷ್ಟು ದಿನ ಬರದಿದ್ರ ಬರೂದು ಕಷ್ಟ."

ಅವಳು ತಲೆಯಾಡಿಸಿದಳು. ಆಮೇಲೆ ಕಾಲು ಅವನ ಕೈಯಲ್ಲೇ ಇರಲು ಬಿಟ್ಟು, ತಮ್ಮ ಊರಿನಲ್ಲಿ ಸೀರೆಗೆ ಸೆರಗು ಹೇಗೆ ಸೇರಿಸುತ್ತಾರೆ ಎಂದು ಹೇಳತೊಡಗಿದಳು. ನೂರಾರು ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಬೇಕು. ಒಂದು ಎಳೆ ತಪ್ಪಿದರೂ ಗೊತ್ತಾಗುತ್ತದೆ. ಯಾರಿಗೆ ಗೊತ್ತಾಗುತ್ತದೆ ಎಂದು ಅವನು ಕೇಳಿದ.

"ನೇಯ್ದಾಕಿಗೆ" ಎಂದಳು.

ಎಪ್ಪತ್ತೊಂದನೆಯ ದಿನ ಅವಳು ಮನೆಗೆ ಹೊರಟಳು.

ಎಡಗಾಲಿಗೆ ಕಬ್ಬಿಣದ ಪಟ್ಟಿಯ ಆಸರೆ ಮಾಡಿಸಿದ್ದರು. ಅದನ್ನು ತೊಟ್ಟು, ವಾಕರ್ ಹಿಡಿದು, ಅವಳು ಹತ್ತು ಹೆಜ್ಜೆ ಹಾಕಬಲ್ಲವಳಾಗಿದ್ದಳು. ಕುಣಿಮಗ್ಗಕ್ಕೆ ಇಳಿಯುವಂತಿರಲಿಲ್ಲ. ಊರಿನಲ್ಲಿ ಮಗ್ಗವನ್ನು ನೆರೆಮನೆಯವರು ಬಿಚ್ಚಿಟ್ಟಿದ್ದರು. ಅವಳಿಗೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಕೆಲಸ ಕೊಡುತ್ತೇವೆ ಎಂದು ಹೇಳಿ ಕಳಿಸಿದ್ದರು.

ಬಾಗಿಲ ಮುಂದೆ ಆಟೋ ನಿಂತಿತ್ತು. ಗೌರವ್ವ ಗಂಟು ಕಟ್ಟಿಕೊಂಡು ತಯಾರಾಗಿದ್ದಳು.

ಕಬ್ಬಿಣದ ಪಟ್ಟಿ ಕಟ್ಟುವ ಮೊದಲು ಯಶೋಧರ ಕೊನೆಯ ಸಲ ಅವಳ ಕಾಲ ಬಳಿ ಕುಳಿತ. ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದ. ಗುರುಗಳು ಬಂದು ಅವನ ಬೆನ್ನ ಹಿಂದೆ ನಿಂತರು.

"ಬನಶಂಕರೆವ್ವಾ, ಮಗ್ಗ ತುಳಿ."

ಬಲಪಾದ ಅವನ ಅಂಗೈಯನ್ನು ಗಟ್ಟಿಯಾಗಿ ಒತ್ತಿತು.

"ಬಲ ಬಂತು" ಎಂದ.

ಅವಳು ಕಣ್ಣು ಮುಚ್ಚಿದಳು. ಅವಳ ಕೈಗಳು ಲಾಳಿ ಹಿಡಿದವಳಂತೆ ಮಡಿಲಲ್ಲಿ ಮಡಚಿಕೊಂಡಿದ್ದವು.

"ಎಡ?" ಎಂದರು ಗುರುಗಳು.

ಯಶೋಧರ ಕಾದ. ಹೊರಗೆ ಆಟೋದವನು ಹಾರ್ನ್ ಒತ್ತಿದ. ಮತ್ತೊಮ್ಮೆ ಒತ್ತಿದ.

"ಸಾಕ ಬಿಡ್ರಿ ಇನ್ನ. ಆಟೋ ನಿಂತೈತಿ" ಎಂದಳು ಗೌರವ್ವ. 

"ಎಡ ಬಂದಿಲ್ಲ ಸರ್" ಎಂದ ಯಶೋಧರ.

ಪಾದಗಳನ್ನು ಬಿಡದೆ ಅವನು ತಿರುಗಿ ಗುರುಗಳ ಮುಖ ನೋಡಿದ. ಅವರು ಈ ಸಲ ಆ ಎರಡು ಶಬ್ದ ನುಂಗಲಿಲ್ಲ.

"ಇನ್ನೊಮ್ಮೆ ಕರೆ" ಎಂದರು ಗುರುಗಳು.